ಚಿಕ್ಕಪ್ಪಂಗೆ ತಲೆಬುರುಡೆ ತಳದಲ್ಲಿ ಗೆಡ್ಡೆ, ಆಪರೇಷನ್‌ಗೆ ಹಲ್ಲಿನ ಡಾಕ್ಟ್ರು ಯಾಕೆ?

ಮೂಡಿಗೆರೆ_ಮಳೆಹುಡುಗ · ಭಾನುವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ಇಲ್ಲಿ ಕಾಫಿ ರೇಟು, ಆನೆ ಯಾವ ತೋಟದಲ್ಲಿದೆ, ಚಾರ್ಮಾಡಿ ಓಪನ್ನಾ ಬಂದಾ ಇಷ್ಟೇ ಕೇಳ್ತಿದ್ದೆ, ಇವತ್ತು ಬೇರೆ ವಿಷ್ಯ.

ನಮ್ಮ ಚಿಕ್ಕಪ್ಪ, 52 ವರ್ಷ, ಪಿಕಪ್ ಓಡಿಸ್ತಾರೆ. 2019ರಲ್ಲಿ ಅವ್ರಿಗೆ ಒಂದು ಬಸ್ಸು ಎರಡು ಬಸ್ಸಾಗಿ ಕಾಣೋಕೆ ಶುರು ಆಯ್ತು. ಕನ್ನಡಕ ಬದ್ಲಾಯಿಸಿದ್ರು, ಆಗ್ಲಿಲ್ಲ, ಆಮೇಲೆ ಎಂಆರ್‌ಐ ಮಾಡಿಸಿದಾಗ ಮೂಗಿನ ಹಿಂದೆ ಬುರುಡೆ ತಳದ ಮೂಳೆಯಲ್ಲಿ ಗೆಡ್ಡೆ ಇದೆ ಅಂತ ಗೊತ್ತಾಯ್ತು. ಹೆಸರು ಕಾರ್ಡೋಮಾ. ಮೂಗಿನ ಒಳಗಿಂದನೇ ದುರ್ಬೀನು ಹಾಕಿ ತೆಗೆದ್ರು. ವರ್ಷಕ್ಕೊಂದು ಎಂಆರ್‌ಐ ಮಾಡಿಸಿ ಅಂದಿದ್ರು, ಕೊರೋನಾ ಬಂತು, ಆಮೇಲೆ "ಚೆನ್ನಾಗೇ ಇದ್ದೀನಲ್ಲೋ" ಅಂತ ಇವ್ರು, "ಹೌದಲ್ವಾ" ಅಂತ ನಾವು. ತಪ್ಪು ನಮ್ದೇ.

ಈಗ ಮತ್ತೆ ಬೆಳೆದಿದೆ, ಕೆಳಗೆ ಕುತ್ತಿಗೆಯ ಮೊದಲ್ನೇ ಮೂಳೆವರೆಗೂ, ಎರಡೂ ಪಕ್ಕಕ್ಕೂ. ಬೆಂಗಳೂರಲ್ಲಿ ತೋರಿಸಿದ್ವಿ. ನ್ಯೂರೋ ಸರ್ಜನ್ ಹೇಳೋದು ಏನಂದ್ರೆ ಈ ಸಲ ಮೂಗಲ್ಲಿ ಹೋದ್ರೆ ಪೂರ್ತಿ ಸಿಗಲ್ಲ, ಮೇಲಿನ ದವಡೆ ಕತ್ತರಿಸಿ ಕೆಳಗೆ ಇಳಿಸಿ ಆ ದಾರೀಲಿ ಹೋಗ್ಬೇಕು, ದವಡೆ ಕೆಲಸ ಮ್ಯಾಕ್ಸಿಲೊಫೇಶಿಯಲ್ ಸರ್ಜನ್ ಮಾಡ್ತಾರೆ ಅಂತ. ಅವ್ರ ಬೋರ್ಡ್ ನೋಡಿದ್ರೆ ಬಿಡಿಎಸ್, ಎಂಡಿಎಸ್!! ಹಲ್ಲಿನ ಡಾಕ್ಟ್ರು! ಮನೇಲಿ ಗಲಾಟೆ. ಅಜ್ಜಿ ಅಂತೂ "ಹಲ್ಲು ಕೀಳೋರಿಗೂ ತಲೆಗೂ ಏನೋ ಸಂಬಂಧ" ಅಂತ ಊಟ ಬಿಟ್ಟು ಕೂತಿದ್ದಾರೆ. ಗೊತ್ತಿರೋರು ಹೇಳಿ ಪ್ಲೀಸ್.

ಹಾಸನದ_ಹೈದ · 9:52

ಅಜ್ಜಿ ಹೇಳೋದೇ ಸರಿ ಐತೆ ಕಣಣ್ಣ. ಎರಡು ಡಾಕ್ಟ್ರು ಅಂದ್ರೆ ಎರಡು ಬಿಲ್ಲು, ಅಷ್ಟೇ. ಬೇರೆ ಕಡೆ ತೋರ್ಸಿ.

ಆಲ್ದೂರು_ಅಕ್ಕ · 9:58

ಅಯ್ಯೋ ದೇವ್ರೆ. ಯಾವ ಚಿಕ್ಕಪ್ಪ, ಪಿಕಪ್ ಮುಂದೆ "ತಾಯಿಯ ಆಶೀರ್ವಾದ" ಅಂತ ಬರ್ಸಿರೋರಾ? ನಮ್ಮ ಮೆಣಸು ಅವ್ರೇ ಸಾಗಿಸೋದು.

ಮೂಡಿಗೆರೆ_ಮಳೆಹುಡುಗ · 10:01

@ಆಲ್ದೂರು_ಅಕ್ಕ ಮೂಡಿಗೆರೆಯಲ್ಲಿ ಅರ್ಧ ಪಿಕಪ್ ಮೇಲೆ ಅದೇ ಬರ್ಸಿದ್ದಾರೆ ಅಕ್ಕಾ. ಹೆಸರು ಬೇಡ ಇಲ್ಲಿ.

ದವಡೆ_ಪೀಜಿ · 10:20

ನಾನು ಹಾಸನದವ್ನು, ಇದೇ ಸಬ್ಜೆಕ್ಟಲ್ಲಿ ಎಂಡಿಎಸ್ ಮಾಡ್ತಿದ್ದೀನಿ, ಮೂರನೇ ವರ್ಷ. ಸ್ವಲ್ಪ ಉದ್ದ ಬರೀತೀನಿ ಯಾಕಂದ್ರೆ "ಹಲ್ಲು ಕೀಳೋರು" ಅಂತ ಕೇಳಿ ಕೇಳಿ ಸಾಕಾಗಿದೆ, ನಮ್ಮ ಮನೇಲೂ ಹಂಗೇ ಅಂತಾರೆ.

ಹೆಂಚಿನ ಮನೆ ಅಟ್ಟದ ಮೂಲೇಲಿ ಜೇನು ಕಟ್ಟಿದೆ ಅಂದ್ಕೊಳ್ಳಿ. ಜೇನು ತೆಗೆಯೋವ್ನು ಬೇರೆ, ಹೆಂಚು ಇಳಿಸೋವ್ನು ಬೇರೆ. ಜೇನಿನವ್ನೇ ಮೇಲೆ ಹತ್ತಿ ಹೆಂಚು ಒಡೀತಾ ಹೋದ್ರೆ ಜೇನು ಸಿಗುತ್ತೆ, ಮಳೆಗಾಲಕ್ಕೆ ಮನೆ ಸೋರುತ್ತೆ. ಹೆಂಚಿನವ್ನು ಒಂದೊಂದೇ ಇಳಿಸಿ ಜೋಡಿಸಿಟ್ಟು, ಕೆಲಸ ಮುಗಿದ ಮೇಲೆ ಅದೇ ಸಾಲಿಗೆ ವಾಪಸ್ ಕೂರಿಸ್ತಾನೆ. ಇಲ್ಲೂ ಅಷ್ಟೇ.

ಚಿಕ್ಕಪ್ಪಂಗೆ ಗೆಡ್ಡೆ ಇರೋ ಮೂಳೆ ಹೆಸರು ಕ್ಲೈವಸ್. ಲ್ಯಾಟಿನ್‌ನಲ್ಲಿ ಇಳಿಜಾರು ಅಂತ ಅರ್ಥ. ಬುರುಡೆಯ ನಟ್ಟ ನಡುವೆ, ಮೂಗು ಮತ್ತೆ ಗಂಟಲಿನ ಹಿಂದೆ. ಅದರ ಬೆನ್ನಿಗೇ ಮೆದುಳು ಕಾಂಡ ಇರೋದು, ಉಸಿರಾಟ ಎದೆಬಡಿತ ಎಲ್ಲ ನಡೆಸೋ ಜಾಗ. ಕಣ್ಣನ್ನ ಹೊರಗಡೆಗೆ ತಿರುಗಿಸೋ ಆರನೇ ನರ ಈ ಮೂಳೆಗೆ ಒರಗಿಕೊಂಡೇ ಹೋಗುತ್ತೆ, ಗೆಡ್ಡೆ ಅದನ್ನ ಒತ್ತಿದಾಗ ಒಂದು ಬಸ್ಸು ಎರಡಾಗಿದ್ದು. ತಲೆ ಮೇಲಿಂದ ಹೋದ್ರೆ ಮೆದುಳನ್ನ ಪಕ್ಕಕ್ಕೆ ತಳ್ಳಿಕೊಂಡು ಹೋಗ್ಬೇಕು. ಮೂಳೆ ಬಿಚ್ಚಿದ್ರೆ ಮತ್ತೆ ಕೂಡ್ಕೊಳ್ಳುತ್ತೆ, ಮೆದುಳನ್ನ ಗಂಟೆಗಟ್ಟಲೆ ತಳ್ಳಿ ಹಿಡಿದ್ರೆ ಹಂಗಲ್ಲ. ಅದಕ್ಕೇ ಮುಂದಿನ ದಾರಿ.

ಮಾಡೋದು ಹೆಂಗೆ ಅಂದ್ರೆ, ಮೇಲ್ತುಟಿ ಎತ್ತಿ ಒಳಗಡೆ ವಸಡಿನ ಮೇಲೆ ಕೊಯ್ತಾರೆ, ಮುಖದ ಮೇಲೆ ಗಾಯ ಕಾಣಲ್ಲ. ಹಲ್ಲಿನ ಬೇರುಗಳಿಗಿಂತ ಮೇಲೆ ಅಡ್ಡಡ್ಡ ಮೂಳೆ ಕೊಯ್ದು ಇಡೀ ಮೇಲ್ದವಡೆನ ಹಲ್ಲು ಅಂಗುಳ ಸಮೇತ ಕೆಳಗೆ ಇಳಿಸ್ತಾರೆ. ಲೆಫೋರ್ಟ್ ಒಂದು ಅಂತಾರೆ. ಗೆಡ್ಡೆ ತುಂಬಾ ಅಗಲ ಇದ್ರೆ ಅಂಗುಳನ ನಡುವೆ ಸೀಳಿ ಎರಡು ಕಡೆಗೂ ಸರಿಸೋದೂ ಉಂಟು. ಇಳಿಸಿದ ದವಡೆ ಸತ್ತು ಹೋಗಲ್ಲ, ಅಂಗುಳದ ಹಿಂದಿನ ಮೆತ್ತನೆ ಭಾಗದಿಂದ ಕೆನ್ನೆ ಒಳಗಿನ ಮಾಂಸದಿಂದ ರಕ್ತ ಬರ್ತಾನೇ ಇರುತ್ತೆ. ಆಗ ನ್ಯೂರೋದವ್ರು ಮೈಕ್ರೋಸ್ಕೋಪ್ ಹಾಕ್ಕೊಂಡು ಒಳಗೆ ಹೋಗ್ತಾರೆ.

ಕತ್ತರಿಸೋಕೆ ಮುಂಚೆನೇ ಟೈಟಾನಿಯಂ ಪ್ಲೇಟು ಬಗ್ಗಿಸಿ, ಸ್ಕ್ರೂಗೆ ತೂತು ಹೊಡೆದಿಟ್ಕೊಂಡಿರ್ತೀವಿ. ಕೊನೇಲಿ ಅದೇ ತೂತಿಗೆ ಅದೇ ಪ್ಲೇಟು ಕೂರಿಸಿದ್ರೆ ಹಲ್ಲು ಮುಂಚಿನಂಗೇ ಕಚ್ಚುತ್ತೆ. ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ರೋಗಿಗೆ ಊಟ ಮಾಡುವಾಗ ಗೊತ್ತಾಗುತ್ತೆ. ಹಲ್ಲು ಓದಿದವ್ರೇ ಬೇಕಾಗೋದು ಇಲ್ಲಿಗೆ.

ಹಾಸನದ_ಹೈದ · 10:31

ಸರಿ ಗುರು, ಜೇನು ಚೆನ್ನಾಗೈತೆ. ಆದ್ರೆ ಒಂದ್ ಮಾತು, ನೀವು ಎಂಬಿಬಿಎಸ್ ಓದಿಲ್ಲ ತಾನೇ? ರೋಗಿಗೆ ಟೇಬಲ್ ಮೇಲೆ ಹೆಚ್ಚುಕಮ್ಮಿ ಆದ್ರೆ?

ದವಡೆ_ಪೀಜಿ · 10:38

ಓದಿಲ್ಲ, ನಿಜ. ನಮ್ಮ ದೇಶದಲ್ಲಿ ಬಿಡಿಎಸ್ ಐದು ವರ್ಷ, ಎಂಡಿಎಸ್ ಮೂರು. ಇಂಗ್ಲೆಂಡಲ್ಲಿ ಇದೇ ಕೆಲಸಕ್ಕೆ ಎರಡೂ ಡಿಗ್ರಿ ಬೇಕು. ಇಲ್ಲೂ ಹಂಗೇ ಆಗ್ಬೇಕಾ ಅನ್ನೋ ಜಗಳ ನಮ್ಮ ಹಾಸ್ಟೆಲಲ್ಲೇ ಮುಗಿದಿಲ್ಲ. ಆದ್ರೆ ಟೇಬಲ್ ಹತ್ರ ಅರಿವಳಿಕೆ ಡಾಕ್ಟ್ರು, ನ್ಯೂರೋದವ್ರು, ಇಎನ್‌ಟಿ ಎಲ್ಲ ಇರ್ತಾರೆ, ಒಬ್ಬನೇ ಮಾಡೋ ಕೆಲಸ ಅಲ್ಲ ಇದು. ಮತ್ತೆ ಎಲ್ಲ ಎಂಡಿಎಸ್‌ನವ್ರೂ ಇದನ್ನ ಮಾಡ್ತಾರೆ ಅಂತಲೂ ಅಲ್ಲ. ನಾನಂತೂ ಇನ್ನೂ ಕೊಕ್ಕೆ ಹಿಡ್ಕೊಂಡು ನಿಲ್ಲೋವ್ನು 😅

ಗಂಟಲು_ಗೋಪಾಲ · 10:55

ಇಎನ್‌ಟಿ ಕಡೆಯಿಂದ ಒಂದು ತಕರಾರು. ಈಗ ಕ್ಲೈವಸ್ ಕಾರ್ಡೋಮಾಗೆ ದವಡೆ ಇಳಿಸೋದು ಬಹಳ ಕಮ್ಮಿ ಆಗಿದೆ. ಮೂಗಿನ ಎರಡೂ ಹೊಳ್ಳೆಯಿಂದ ಎಂಡೋಸ್ಕೋಪ್, ನಾಲ್ಕು ಕೈ, ಇಎನ್‌ಟಿ ಮತ್ತೆ ನ್ಯೂರೋ ಸೇರಿ ಮಾಡೋದೇ ಹೆಚ್ಚು. 2006ರಲ್ಲಿ ಮೂಗಿನ ನಡುಗೋಡೆಯ ಪೊರೆನ ರಕ್ತನಾಳ ಸಮೇತ ತಿರುಗಿಸಿ ತೂತು ಮುಚ್ಚೋ ವಿಧಾನ ಪ್ರಕಟ ಆದ್ಮೇಲಂತೂ ಮೆದುಳಿನ ಸುತ್ತಲ ನೀರು ಮೂಗಿಗೆ ಸೋರೋ ತೊಂದ್ರೆ ತುಂಬಾ ಇಳೀತು. ಅದಕ್ಕೇ "ಈ ಸಲ ಎಂಡೋಸ್ಕೋಪ್ ಯಾಕೆ ಆಗಲ್ಲ" ಅಂತ ಡಾಕ್ಟ್ರನ್ನ ಕೇಳಲೇಬೇಕು. ಉತ್ತರ ಇರುತ್ತೆ, ಆದ್ರೆ ಕೇಳಿ.

ಮೂಡಿಗೆರೆ_ಮಳೆಹುಡುಗ · 11:03

ಕೇಳಿದ್ವಿ ಸರ್. ಮೊದಲ ಸಲ ಆ ಪೊರೆ ಬಳಸಿ ಆಗಿದೆಯಂತೆ. ಮತ್ತೆ ಗೆಡ್ಡೆ ಅಂಗುಳದ ಮಟ್ಟಕ್ಕಿಂತ ಕೆಳಗೆ ಬಂದಿದೆ, ಮೂಗಿಂದ ಅಷ್ಟು ಕೆಳಗೆ ಬಗ್ಗೋಕಾಗಲ್ಲ ಅಂದ್ರು.

ಗಂಟಲು_ಗೋಪಾಲ · 11:06

ಹಾಗಾದ್ರೆ ಸರಿ. ತಕರಾರು ವಾಪಸ್.

ಬೇಲೂರು_ಮೇಷ್ಟ್ರು · ಸೋಮವಾರ ಬೆಳಿಗ್ಗೆ 6:10

ನಿವೃತ್ತ ವಿಜ್ಞಾನ ಮೇಷ್ಟ್ರು ನಾನು, ಬೆಳಗಿನ ವಾಕಿಂಗ್ ಮುಗಿಸಿ ಓದಿದೆ. ಸ್ವಲ್ಪ ಇತಿಹಾಸ ಹೇಳಿದ್ರೆ ಅಜ್ಜಿಗೆ ಧೈರ್ಯ ಬರಬಹುದು. ಈ ದವಡೆ ಇಳಿಸೋ ಆಪರೇಷನ್ ಈಗ ಜನ ಮುಖ ಚೆಂದ ಮಾಡ್ಕೊಳ್ಳೋಕೆ ಮಾಡಿಸ್ತಾರಲ್ಲ, ಅದು ಹುಟ್ಟಿದ್ದು ಚೆಂದಕ್ಕಲ್ಲ. 1867ರಲ್ಲಿ ಬಾಸ್ಟನ್‌ನ ಡೇವಿಡ್ ಚೀವರ್ ಅನ್ನೋ ಸರ್ಜನ್ ಮೂಗಿನ ಹಿಂದೆ ಬೆಳೆದಿದ್ದ ಗೆಡ್ಡೆ ತೆಗೆಯೋಕೆ ಅಂತಲೇ ಮೇಲ್ದವಡೆ ಇಳಿಸಿದ್ದ. ಆಂಟಿಬಯಾಟಿಕ್ ಅನ್ನೋ ಮಾತೇ ಹುಟ್ಟಿಲ್ಲದ ಕಾಲ! ಹಲ್ಲಿನ ಕಚ್ಚು ಸರಿ ಮಾಡೋಕೆ ಅಂತ ಜರ್ಮನಿಯ ವಾಸ್‌ಮಂಡ್ ಮಾಡಿದ್ದು 1927ರಲ್ಲಿ. ಲೆಫೋರ್ಟ್ ಅನ್ನೋ ಫ್ರೆಂಚ್ ಡಾಕ್ಟರ್ ಅಂತೂ ಈ ಆಪರೇಷನ್ ಮಾಡಿದವನೇ ಅಲ್ಲ, 1901ರಲ್ಲಿ ಹೆಣಗಳ ಮುಖಕ್ಕೆ ಪೆಟ್ಟು ಕೊಟ್ಟು ಮುಖದ ಮೂಳೆ ಯಾವ ಗೆರೆಯಲ್ಲಿ ಬಿರುಕು ಬಿಡುತ್ತೆ ಅಂತ ನೋಡಿದವನು. ಆ ಗೆರೆಯಲ್ಲೇ ಈಗ ಡಾಕ್ಟ್ರು ಬೇಕಂತಲೇ ಕೊಯ್ಯೋದು. ಇಳಿಸಿದ ದವಡೆ ಯಾಕೆ ಬದುಕುತ್ತೆ ಅನ್ನೋದನ್ನ ಅಮೆರಿಕದ ವಿಲಿಯಂ ಬೆಲ್ ಕೋತಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು, 1970ರ ಆಸುಪಾಸು. ಅಲ್ಲಿವರೆಗೆ ಭಯಪಡ್ತಾನೇ ಮಾಡ್ತಿದ್ರು.

ಮುಖದವ್ರು ತಲೆಯವ್ರು ಜೊತೆಗೂಡಿದ್ದೂ ಹೊಸದಲ್ಲ. 1963ರಲ್ಲೇ ಅಮೆರಿಕದ ಕೆಚಮ್ ತಂಡ ಮೂಗಿನ ಪಕ್ಕದ ಸೈನಸ್ ಕ್ಯಾನ್ಸರ್‌ಗೆ ತಲೆಯಿಂದಲೂ ಮುಖದಿಂದಲೂ ಒಟ್ಟಿಗೆ ಹೋದದ್ದನ್ನ ಬರೆದಿದೆ. ಪ್ಯಾರಿಸ್‌ನಲ್ಲಿ ಪಾಲ್ ಟೆಸಿಯೇ ಅನ್ನೋ ಪ್ಲಾಸ್ಟಿಕ್ ಸರ್ಜನ್, ಗಿಯೋ ಅನ್ನೋ ನ್ಯೂರೋ ಸರ್ಜನ್ ಜೊತೆ ಸೇರ್ಕೊಂಡು, ಕಣ್ಣುಗಳು ತೀರಾ ದೂರ ದೂರ ಇಟ್ಕೊಂಡು ಹುಟ್ಟಿದ ಮಕ್ಕಳಿಗೆ ಬುರುಡೆ ಒಳಗಿಂದ ಕಣ್ಣಿನ ಗೂಡನ್ನೇ ಬಿಡಿಸಿ ಹತ್ತಿರ ತಂದ. 1967ರಲ್ಲಿ ರೋಮ್‌ನ ಸಮ್ಮೇಳನದಲ್ಲಿ ತೋರಿಸಿದಾಗ ಉಳಿದ ಡಾಕ್ಟ್ರುಗಳೇ ಬೆರಗಾದ್ರು.

ಹಾಸನದ_ಹೈದ · 7:15

ಮೇಷ್ಟ್ರೇ ಹೆಣಕ್ಕೆ ಹೊಡೆದಿದ್ದು ಕೇಳಿ ಅಜ್ಜಿಗೆ ಧೈರ್ಯ ಬಂದಂಗೇ 😂

ಬೇಲೂರು_ಮೇಷ್ಟ್ರು · 7:31

ಅದೊಂದು ಬಿಟ್ಟು ಹೇಳಪ್ಪ.

ಸಿಸ್ಟರ್_ಅರಸೀಕೆರೆ · 8:05

ನಾನು ಐಸಿಯು ನರ್ಸ್, ಹನ್ನೊಂದು ವರ್ಷ. ಇಂಥ ಗೆಡ್ಡೆ ಕೇಸು ನೋಡಿರೋದು ಎರಡೋ ಮೂರೋ, ಆದ್ರೆ ದವಡೆಯವ್ರು ತಲೆಯವ್ರು ಒಟ್ಟಿಗೆ ಬರೋದು ವಾರಾ ವಾರಾ ನೋಡ್ತೀನಿ, ಹೆಲ್ಮೆಟ್ ಹಾಕದೇ ಬೈಕಲ್ಲಿ ಬಿದ್ದು ಬರ್ತಾರಲ್ಲ ಅವ್ರಿಂದ. ಮುಖ ನುಜ್ಜುಗುಜ್ಜು, ಹಣೆ ಮೂಳೆ ಒಳಗೆ ಹೋಗಿರುತ್ತೆ, ಮೂಗಲ್ಲಿ ನೀರು. ಮೊದಲು ಉಸಿರು, ಆಮೇಲೆ ತಲೆ, ದವಡೆ ಎಷ್ಟೋ ಸಲ ವಾರ ಕಾಯುತ್ತೆ.

ನಾನು ಹೇಳ್ಬೇಕು ಅಂದಿದ್ದು ಬೇರೆ. ಆಪರೇಷನ್ ಚೆನ್ನಾಗೇ ಆಗುತ್ತೆ, ರೋಗಿ ಒದ್ದಾಡೋದು ಆಮೇಲೆ. ಒಂದು ಆಸ್ಪತ್ರೇಲಿ (ಹೆಸರು ಬೇಡ) ಒಬ್ಬ ರೋಗಿ ಡಿಸ್ಚಾರ್ಜ್ ಆಗಿ ಹತ್ತು ದಿನಕ್ಕೆ ಬಂದ್ರು. ಬಗ್ಗಿದ್ರೆ ಮೂಗಿಂದ ತೊಟ್ಟು ತೊಟ್ಟು ತಿಳಿನೀರು, ಗಂಟಲಿಗೆ ಉಪ್ಪುಪ್ಪು. ನ್ಯೂರೋ ಓಪಿಡೀಲಿ "ಮೂಗಿಂದ ತಾನೇ, ಬಾಯಿ ಡಾಕ್ಟ್ರಿಗೆ ತೋರ್ಸಿ" ಅಂದ್ರು, ಅಲ್ಲಿ "ದವಡೆ ಚೆನ್ನಾಗಿ ಕೂತಿದೆ, ತಲೆಯವ್ರಿಗೆ ತೋರ್ಸಿ" ಅಂದ್ರು. ಚೀಟಿ ಹಿಡ್ಕೊಂಡು ಎರಡು ಬಿಲ್ಡಿಂಗ್ ಮಧ್ಯ ಆ ಮನುಷ್ಯ ನಾಲ್ಕು ಸಲ ಓಡಾಡಿದ್ರು. ಅದು ಮೆದುಳಿನ ಸುತ್ತ ಇರೋ ನೀರು ರೀ! ನೀರು ಹೊರಗೆ ಬರೋ ದಾರಿ ಇದ್ರೆ ಕ್ರಿಮಿ ಒಳಗೆ ಹೋಗೋಕೂ ದಾರಿ ಇದೆ, ಮೆದುಳುಜ್ವರ ಬರುತ್ತೆ. ಕೊನೆಗೆ ಅಡ್ಮಿಟ್ ಆಗಿ ಆ ನೀರು ಇಳಿಯೋಕೆ ಬೆನ್ನಿಗೆ ಡ್ರೈನ್ (ಸಣ್ಣ ಟ್ಯೂಬ್) ಹಾಕಿ ಸರಿ ಹೋಯ್ತು ಅನ್ನಿ.

ಅದಕ್ಕೇ, ಆಪರೇಷನ್‌ಗೆ ಮುಂಚೆ ಇಬ್ರೂ ಡಾಕ್ಟ್ರನ್ನ ಒಂದೇ ರೂಮಲ್ಲಿ, ಒಂದೇ ಸಲ ಕೂರಿಸಿ ಮಾತಾಡಿ. ರಾತ್ರಿ ಎರಡು ಗಂಟೆಗೆ ಮೂಗಲ್ಲಿ ನೀರು ಬಂದ್ರೆ ಯಾರ ನಂಬರು ಅಂತ ಬರ್ಸ್ಕೊಳ್ಳಿ. ನಾಚ್ಕೋಬೇಡಿ.

ಕಡೂರು_ಕೊಬ್ಬರಿ · 8:40

ಸಿಸ್ಟರ್ ಮಾತಿಗೆ ನೂರು ಅಂಕ. ನಮ್ಮ ಅತ್ತೆಗೆ ಕಣ್ಣಿನ ಹಿಂದೆ ಮೆನಿಂಜಿಯೋಮಾ (ಮೆದುಳಿನ ಪೊರೆಯ ಗೆಡ್ಡೆ) ಇತ್ತು, ಕೆನ್ನೆ ಮೂಳೆ ಕಣ್ಣಿನ ಗೂಡಿನ ಅಂಚು ಸೇರಿಸಿ ಬಿಚ್ಚಿ ತೆಗೆದ್ರು. ಅವ್ರಿಗೂ ಇಬ್ರು ಡಾಕ್ಟ್ರು. ಗೆಡ್ಡೆ ಪೂರ್ತಿ ಬಂತು. ಆದ್ರೆ ಬಲಗಡೆ ಹುಬ್ಬು ಮೇಲೆ ಏಳಲ್ಲ, ಅಲ್ಲೊಂದು ಸಣ್ಣ ನರ ಇದೆಯಂತೆ ಎಳೆದಾಡಿದ್ರೆ ಸೊರಗುತ್ತಂತೆ. ಈಗ ನಂಗೆ ಬೈಯುವಾಗ ಒಂದೇ ಹುಬ್ಬು ಏರಿಸ್ತಾರೆ, ಇನ್ನೂ ಭಯ ಆಗುತ್ತೆ.

ಆಲ್ದೂರು_ಅಕ್ಕ · 8:44

😂😂 ಅತ್ತೆ ಇದನ್ನ ಓದ್ತಾರಾ?

ಕಡೂರು_ಕೊಬ್ಬರಿ · 8:45

ಅವ್ರಿಗೆ ಸ್ಮಾರ್ಟ್‌ಫೋನ್ ಕೊಡ್ಸಿಲ್ಲ, ಸದ್ಯ.

ದವಡೆ_ಪೀಜಿ · 1:15

ಮಳೆಹುಡುಗ ಅಣ್ಣ, ಒಂದು ಕೇಳೋದು ಮರೆತಿದ್ದೆ. ಚಿಕ್ಕಪ್ಪ ಎಲೆಅಡಿಕೆ ಹಾಕ್ತಾರಾ?

ಮೂಡಿಗೆರೆ_ಮಳೆಹುಡುಗ · 1:22

ಡ್ರೈವರ್ ಅಲ್ವಾ ಮಾರಾಯ್ರೆ. ಎಲೆಅಡಿಕೆ ಹೊಗೆಸೊಪ್ಪು ಇಲ್ದಿದ್ರೆ ಗಾಡಿನೇ ಸ್ಟಾರ್ಟ್ ಆಗಲ್ಲ.

ದವಡೆ_ಪೀಜಿ · 1:30

ಹಾಗಾದ್ರೆ ಇವತ್ತೇ ಬಿಡ್ಸಿ. ಇನ್ನೊಂದು, ಅವ್ರ ಮೂರು ಬೆರಳು, ನಿಲ್ಲಿಸಿ ಹಿಡಿದ್ರೆ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹೋಗುತ್ತಾ ನೋಡಿ. ಅಡಿಕೆಯಿಂದ ಕೆನ್ನೆ ಒಳಗೆ ನಾರು ಕಟ್ಟಿ ಬಾಯಿ ಬಿಗೀತಾ ಬರುತ್ತೆ. ಗೆಡ್ಡೆಗೆ ಹೋಗೋ ದಾರೀನೇ ಬಾಯಿ, ಬಾಗಿಲೇ ತೆಗೀದಿದ್ರೆ ಹೆಂಗೆ? ದವಡೆ ಇಳಿಸಿದ್ರೂ ಅದಕ್ಕೆ ಜಾಗ ಬೇಕಲ್ವಾ. ಎಂಆರ್‌ಐ ನೋಡೋರಿಗೆ ಇದು ಕಣ್ಣಿಗೆ ಬೀಳಲ್ಲ. ಹುಳುಕು ಹಲ್ಲು, ಕೀವು ಇರೋ ವಸಡು ಇದ್ರೆ ಅದನ್ನೂ ಮೊದಲೇ ಸರಿ ಮಾಡಿಸ್ಬೇಕು. ಬಾಯಿಂದ ಮೆದುಳಿನ ಪೊರೆವರೆಗೆ ದಾರಿ ಮಾಡುವಾಗ ಬಾಯಿಯ ಕೊಳಕು ಜೊತೇಲಿ ಹೋಗ್ಬಾರ್ದು.

ಮೂಡಿಗೆರೆ_ಮಳೆಹುಡುಗ · 1:58

ನೋಡಿದ್ವಿ. ಎರಡು ಬೆರಳು ಆರಾಮಾಗಿ, ಮೂರನೇದು ಕಷ್ಟದಲ್ಲಿ. ಎರಡು ಹಲ್ಲು ಹುಳುಕು. ಚಿಕ್ಕಪ್ಪ "ನನ್ ಬಾಯಿಗೆ ಯಾರೋ ಕೈ ಹಾಕ್ತೀರ" ಅಂತ ಕೂಗಾಡ್ತಿದ್ದಾರೆ. ಆದ್ರೆ ಅಜ್ಜಿ ಈಗ ಸುಮ್ನಾಗಿದ್ದಾರೆ, "ಅದಕ್ಕೇ ಹಲ್ಲಿನ ಡಾಕ್ಟ್ರು ಬೇಕು ಅನ್ನು" ಅಂದ್ರು.

ಹಾಸನದ_ಹೈದ · 2:10

ಲೇ ನಾನೂ ಬೆರಳಿಟ್ಟು ನೋಡ್ಕಂಡೆ. ಎರಡೂವರೆ. ಇವತ್ತಿಂದ ಗುಟ್ಕಾ ಬಂದ್.

ಸಕಲೇಶಪುರ_ಸ್ಟೇಷನ್ · 4:35

ನಂದೇ ಕಥೆ ಹೇಳ್ತೀನಿ. ಕಾರ್ಡೋಮಾ ಅಲ್ಲ. ನಂಗೆ ಹದಿನೈದು ವರ್ಷ ಇದ್ದಾಗ ಮೂಗಿಂದ ರಕ್ತ, ಬಕೆಟ್ ಲೆಕ್ಕದಲ್ಲಿ. ಆಂಜಿಯೋಫೈಬ್ರೋಮಾ ಅಂದ್ರು, ಹೆಚ್ಚುಕಮ್ಮಿ ಗಂಡು ಹುಡುಗ್ರಿಗೇ ಬರೋ ಗೆಡ್ಡೆ ಅಂತೆ, ಬರೀ ರಕ್ತನಾಳದ ಗಂಟು. ಆಪರೇಷನ್ ಹಿಂದಿನ ದಿನ ತೊಡೆಯಿಂದ ತಂತಿ ಹಾಕಿ ರಕ್ತ ಬರೋ ನಾಳ ಮುಚ್ಚಿದ್ರು, ಮಾರನೇ ದಿನ ದವಡೆ ಇಳಿಸಿ ತೆಗೆದ್ರು. ಈಗ ನಂಗೆ 34.

ಎಚ್ಚರ ಆದಾಗ ಮುಖ ಹಲಸಿನ ಹಣ್ಣು, ಕನ್ನಡಿ ಕೊಡ್ಬೇಡಿ. ಮೇಲ್ತುಟಿ, ವಸಡು, ಮುಂದಿನ ಹಲ್ಲು ಯಾರದ್ದೋ ಅನ್ನಿಸುತ್ತೆ, ಮರಗಟ್ಟಿರುತ್ತೆ, ನಂಗೆ ಪೂರ್ತಿ ಬರೋಕೆ ಹತ್ತಿರತ್ತಿರ ಒಂದು ವರ್ಷ ಹಿಡೀತು. ಮೂಗು ಸೀಟೋ ಹಾಗಿಲ್ಲ, ಸೀನು ಬಂದ್ರೆ ಬಾಯಿ ತೆಗ್ದು ಸೀನ್ಬೇಕು, ಸ್ಟ್ರಾ ಹಾಕಿ ಕುಡಿಯೋ ಹಾಗಿಲ್ಲ. ಆರು ವಾರ ಅಗಿಯೋದು ಬಂದ್. ಸ್ಲೇಟು ಬಳಪ ತಗೊಂಡ್ ಹೋಗಿ, ಉಸಿರಾಟಕ್ಕೆ ಅಂತ ಕುತ್ತಿಗೆಗೆ ಟ್ಯೂಬ್ ಹಾಕಿದ್ರೆ ಮಾತಾಡೋಕಾಗಲ್ಲ. ನಂಗೆ ಯಾರೂ ಹೇಳಿರ್ಲಿಲ್ಲ, ದನಿನೇ ಹೋಯ್ತು ಅಂತ ಒಂದು ರಾತ್ರಿ ಅತ್ತಿದ್ದೆ.

ಹಾಸನದ_ಹೈದ · 4:50

ಆರು ವಾರ ಅಗಿಯೋಹಂಗಿಲ್ಲ ಅಂದ್ರೆ ಮುದ್ದೆ ತಿನ್ನಬಹುದಲ್ಲ? ಮುದ್ದೆ ನುಂಗೋದು, ಅಗಿಯೋದಲ್ಲ 😌

ಆಲ್ದೂರು_ಅಕ್ಕ · 4:53

ಶುರುವಾಯ್ತು ಹಾಸನದವ್ರ ಮುದ್ದೆ. ನಮ್ ಕಡೆ ಕಡುಬು ರೊಟ್ಟಿ ತಿನ್ನೋರು ನಾವು, ಗಂಜಿ ಕುಡೀತಾರೆ ಬಿಡಿ.

ದವಡೆ_ಪೀಜಿ · 5:05

ಮುದ್ದೆ ಬೇಡ, ಅಂಗುಳಕ್ಕೆ ಅಂಟುತ್ತೆ, ಹೊಲಿಗೆ ಇರುತ್ತೆ. ರಾಗಿ ಅಂಬಲಿ ತೆಳ್ಳಗೆ, ಸೋಸಿ, ಲೋಟದಲ್ಲಿ.

ಕಡೂರು_ಕೊಬ್ಬರಿ · 6:20

ದುಡ್ಡಿನ ವಿಷ್ಯ ಯಾರೂ ಹೇಳ್ಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ರೆ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜಿನ ಶೇ 30. ನಮ್ಮ ಅತ್ತೆಗೆ ಗೆಡ್ಡೆದು ಪಾಸ್ ಆಯ್ತು, ಮೂಳೆ ಬಿಚ್ಚಿ ಕೂರಿಸಿದ ಪ್ಲೇಟಿಂದು "ಇದು ಬೇರೆ ವಿಭಾಗ" ಅಂತ ಬಿಲ್ ಬಂತು. ಇಬ್ರು ಡಾಕ್ಟ್ರ ಕೆಲಸ ಒಂದೇ ಅರ್ಜೀಲಿ ಬರುತ್ತಾ ಅಂತ ಅಲ್ಲಿನ ಆರೋಗ್ಯಮಿತ್ರರನ್ನ (ಆಸ್ಪತ್ರೇಲಿ ಈ ಯೋಜನೆ ಕೆಲಸ ನೋಡ್ಕೊಳ್ಳೋರು) ಮೊದಲೇ ಕೇಳಿ.

ಹಾಸನದ_ಹೈದ · 6:28

ನಾನು ಮೊದ್ಲೇ ಹೇಳ್ದೆ, ಎರಡು ಬಿಲ್ಲು ಅಂತ!

ಸಿಸ್ಟರ್_ಅರಸೀಕೆರೆ · 6:40

ಬಿಲ್ಲಿನ ವಿಷಯದಲ್ಲಿ ನೀವು ಗೆದ್ರಿ ಬಿಡಿ.

ಗಂಟಲು_ಗೋಪಾಲ · 9:15

ಆಪರೇಷನ್ ಆದ್ಮೇಲೆ ರೇಡಿಯೇಷನ್ ಬಗ್ಗೆ ಏನಂದ್ರು? ಕಾರ್ಡೋಮಾ ನಿಧಾನಕ್ಕೆ ಬೆಳೆಯುತ್ತೆ, ಆದ್ರೆ ಹಠಮಾರಿ, ಚೂರು ಉಳಿದ್ರೂ ವಾಪಸ್ ಬರುತ್ತೆ. ಮೆದುಳು ಕಾಂಡ ಪಕ್ಕದಲ್ಲೇ ಇರೋದ್ರಿಂದ ಗೆಡ್ಡೆ ದಾಟಿ ಆಚೆ ಹೆಚ್ಚು ಹೋಗದ ಪ್ರೋಟಾನ್ ಕಿರಣ ಒಳ್ಳೇದು ಅಂತಾರೆ, ಚೆನ್ನೈಯಲ್ಲಿ 2019ರಿಂದ ಇದೆ. ದವಡೆಯವ್ರಿಗೂ ಇದು ಗೊತ್ತಿರಬೇಕು, ಕಿರಣ ಬಿದ್ದ ಮೂಳೆ ಬೇಗ ಕೂಡಲ್ಲ.

ಮೂಡಿಗೆರೆ_ಮಳೆಹುಡುಗ · 9:30

ಹಿಂದಿನ ಸಲ ಹೇಳಿದ್ರು, ನಾವು ಹೋಗ್ಲಿಲ್ಲ. ಈ ಸಲ ಹೋಗ್ತೀವಿ. ಗುರುವಾರ ಇಬ್ರೂ ಡಾಕ್ಟ್ರ ಹತ್ರ ಒಟ್ಟಿಗೆ ಟೈಮ್ ಕೇಳಿದ್ದೀನಿ.

ಮೂಡಿಗೆರೆ_ಮಳೆಹುಡುಗ · ಗುರುವಾರ ರಾತ್ರಿ 10:12

ಹೋಗ್ಬಂದ್ವಿ. ಮೊದಲು ರಿಸೆಪ್ಷನ್‌ನಲ್ಲಿ "ಹಂಗೆಲ್ಲ ಒಟ್ಟಿಗೆ ಕೊಡಲ್ಲ" ಅಂದ್ರು, ಚಿಕ್ಕಮ್ಮ ಅಲ್ಲೇ ಕೂತ್ಬಿಟ್ರು, ಮೂರು ಗಂಟೆಗೆ ಇಬ್ರೂ ಬಂದ್ರು. ಹಲ್ಲಿನ ಡಾಕ್ಟ್ರು (ಇನ್ನು ಹಂಗನ್ನಲ್ಲ, ದವಡೆ ಸರ್ಜನ್) ಚೀಟಿ ಹಿಂದೆ ಚಿತ್ರ ಬರೆದ್ರು, ತಲೆಯ ಡಾಕ್ಟ್ರು ಅದೇ ಚಿತ್ರದಲ್ಲಿ ಗೆಡ್ಡೆ ಬರೆದ್ರು. ಬರೀತಾ ಬರೀತಾ ಅವ್ರವ್ರಲ್ಲೇ ಚರ್ಚೆ ಶುರು ಆಯ್ತು, ಅಂಗುಳ ಸೀಳ್ಬೇಕಾ ಬೇಡ್ವಾ ಅಂತ. ಒಬ್ರು ಸೀಳಿದ್ರೆ ಜಾಗ ಸಿಗುತ್ತೆ ಅಂತ, ಇನ್ನೊಬ್ರು ಸೀಳಿದ್ರೆ ಕೂಡೋದು ಕಷ್ಟ, ಎಲೆಅಡಿಕೆ ಬಾಯಿ ಬೇರೆ ಅಂತ. ಇಪ್ಪತ್ತು ನಿಮಿಷ. ನಮ್ಮನ್ನ ಮರೆತೇ ಬಿಟ್ಟಿದ್ರು. ನಂಗೆ ಭಯ ಆಗೋ ಬದ್ಲು ಧೈರ್ಯ ಬಂತು ಯಾಕೋ. ಈ ಜಗಳ ಅಲ್ಲಿ ಥಿಯೇಟರ್ ಒಳಗೆ ಆಗೋ ಬದ್ಲು ನಮ್ಮೆದುರು ಆಯ್ತಲ್ಲ ಅಂತ. ಸದ್ಯಕ್ಕೆ ಸೀಳಲ್ಲ, ಒಳಗೆ ಹೋಗಿ ಜಾಗ ಸಾಲ್ದಿದ್ರೆ ಮಾತ್ರ ಅಂತ ತೀರ್ಮಾನ. ಹುಳುಕು ಹಲ್ಲು ಎರಡೂ ಇವತ್ತೇ ಕಿತ್ತರು. ಮೂಗಲ್ಲಿ ನೀರು ಬಂದ್ರೆ ನ್ಯೂರೋ ವಾರ್ಡ್ ನಂಬರು, ಬರ್ಸ್ಕೊಂಡೆ ಸಿಸ್ಟರ್.

ಸಿಸ್ಟರ್_ಅರಸೀಕೆರೆ · 10:20

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಆಲ್ದೂರು_ಅಕ್ಕ · 10:26

ಹೋಗುವಾಗ ರಾತ್ರಿ ಬಸ್ ಬೇಡ, ಹಾಸನದಿಂದ ಟ್ರೈನ್ ಹಿಡೀರಿ, ಕುಣಿಗಲ್ ಮೇಲೆ ಹೋಗೋದು. ಅಲ್ಲಾಡಲ್ಲ.

ಮೂಡಿಗೆರೆ_ಮಳೆಹುಡುಗ · ಇಪ್ಪತ್ತಮೂರು ದಿನದ ನಂತರ, ಮಧ್ಯಾಹ್ನ 12:48

ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಹೋದವ್ರು ರಾತ್ರಿ ಏಳಕ್ಕೆ ಹೊರಗೆ ಬಿಟ್ರು. ಅಂಗುಳ ಸೀಳಲಿಲ್ಲ. ತೊಡೆಯಿಂದ ಕೊಬ್ಬು ತೆಗ್ದು ಒಳಗಿನ ತೂತು ಮುಚ್ಚಿದ್ದಾರೆ. ಬಹುಪಾಲು ಬಂದಿದೆ, ಒಂದು ಕಡೆ ದೊಡ್ಡ ರಕ್ತನಾಳಕ್ಕೆ ಅಂಟಿದ್ದ ಚೂರನ್ನ ಮುಟ್ಟಲಿಲ್ಲ, ಅದಕ್ಕೆ ರೇಡಿಯೇಷನ್. ಎರಡೆರಡು ಕಾಣೋದು ಇನ್ನೂ ಇದೆ, ಒಂದು ಕಣ್ಣಿಗೆ ಪಟ್ಟಿ. ಹಲ್ಲು ಸರಿಯಾಗಿ ಕಚ್ಚುತ್ತೆ, ಆದ್ರೆ "ನಂದಲ್ಲ ಇವು" ಅಂತ ಸನ್ನೆ ಮಾಡ್ತಾರೆ. ಮೂಗಲ್ಲಿ ನೀರಿಲ್ಲ.

ಕುತ್ತಿಗೆ ಟ್ಯೂಬ್ ಇದೆ, ಮಾತಿಲ್ಲ. ಸಕಲೇಶಪುರದವ್ರು ಹೇಳಿದ್ದಕ್ಕೆ ಸ್ಲೇಟು ತಂದಿದ್ವಿ. ಐಸಿಯು ಇಂದ ಬಂದು ಮೊದಲು ಬರೆದಿದ್ದು: "ಮೆಣಸು ಎಷ್ಟಕ್ಕೆ ಹೋಯ್ತು".

ಆಲ್ದೂರು_ಅಕ್ಕ · 12:55

ಇನ್ನೂ ಕೊಟ್ಟಿಲ್ಲ, ರೇಟು ಏರ್ಲಿ ಅಂತ ಇಟ್ಟಿದ್ದೀವಿ ಅಂತ ಬರೀರಿ. ಅವ್ರೇ ಬಂದು ಸಾಗಿಸ್ಲಿ.